ಎರಡು ಲಕ್ಷ ಕಿಲೋಮೀಟರ್ ದಾಟಿದ ಟರ್ಬೊ

ಪೋರ್ಷೆ 944 ಟರ್ಬೊ ಕಾರಿನ ಮೀಟರ್ ಬೋರ್ಡಿನೊಳಗೆ, ಓಡಿದ ದೂರ ತೋರಿಸುವ ಅಂಕಿಗಳ ಪಕ್ಕದಲ್ಲಿ, ಒಂದು ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಇದೆ. ವಯಸ್ಸಾದಂತೆ ಆ ಪ್ಲಾಸ್ಟಿಕ್ ಪೆಡಸಾಗಿ ಒಂದು ದಿನ ಹಲ್ಲು ಉದುರುತ್ತದೆ. ಗಾಡಿ ಓಡುತ್ತಿರುವಾಗಲೇ ಟ್ರಿಪ್ ಮೀಟರನ್ನು ಸೊನ್ನೆಗೆ ತರಲು ಗುಂಡಿ ಒತ್ತಿದರಂತೂ ಮುರಿಯುವುದು ಬೇಗ. ಅಲ್ಲಿಗೆ ಲೆಕ್ಕ ನಿಂತಿತು. ಸ್ಪೀಡೋಮೀಟರಿನ ಮುಳ್ಳು ಮೊದಲಿನಂತೆಯೇ ಆಡುತ್ತಿರುತ್ತದೆ, ಕಾರು ಊರೂರು ಸುತ್ತುತ್ತಿರುತ್ತದೆ, ಅಂಕಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕೆಲವರು ವಾರದಲ್ಲೇ ರಿಪೇರಿ ಮಾಡಿಸುತ್ತಾರೆ. ಕೆಲವರು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಆಮೇಲೆ ಆ ಕಾರು ಮಾರಾಟಕ್ಕೆ ಬಂದಾಗ ಜಾಹೀರಾತಿನಲ್ಲಿ '1,12,000 ಕಿಲೋಮೀಟರ್ ಮಾತ್ರ' ಎಂದು ಇರುತ್ತದೆ. ಬರೆದವರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ಎರಡು ಕೈ ದಾಟಿ ಬಂದ ಗಾಡಿಯಲ್ಲಿ ಅವರಿಗೂ ಅದು ಗೊತ್ತಿರಲಿಕ್ಕಿಲ್ಲ.

ಹಳೆಯ ಕಾರು ಎಂದಕೂಡಲೇ ನಾವೆಲ್ಲ ಕೇಳುವ ಮೊದಲ ಪ್ರಶ್ನೆ 'ಎಷ್ಟು ಓಡಿದೆ?' ಎಂಬುದು. ಅದಕ್ಕೆ ಸಿಗುವ ಉತ್ತರ ಎಷ್ಟು ಸಡಿಲ ಎನ್ನುವುದು ತಿಳಿಯಲಿ ಎಂದೇ ಈ ಹಲ್ಲುಚಕ್ರದಿಂದ ಮಾತು ಶುರುಮಾಡಿದೆ.

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ನಮ್ಮ ಕನ್ನಡದ ಹುಡುಗರು, ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿಗೂ ಆ ಊರಿಗೂ ಹಳೆಯ ನಂಟು. ಸ್ಟುಟ್‌ಗಾರ್ಟಿನಲ್ಲಿ 1886ರಲ್ಲಿ ಶುರುವಾದ ಬಾಷ್ ಕಂಪನಿಯ ಮೈಕೊ 1951ರಲ್ಲಿ ನಮ್ಮಲ್ಲಿ ಹುಟ್ಟಿತು. ಆಡುಗೋಡಿಯ ಆ ಕಾರ್ಖಾನೆಯ ಹೆಸರು ಹೇಳಿದರೆ ಇಂದಿಗೂ ಎಷ್ಟೋ ಮನೆಗಳಲ್ಲಿ 'ನಮ್ಮಪ್ಪ ಅಲ್ಲೇ ಇದ್ದದ್ದು' ಎನ್ನುವ ಮಾತು ಬರುತ್ತದೆ. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿ ಎಂಜಿನಿಯರುಗಳು. ಕೆಲಸ ಕಾಯಂ ಆಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಅವರಲ್ಲಿ ಕೆಲವರಿಗೆ ಒಂದು ಆಸೆ ಹುಟ್ಟುತ್ತದೆ: ಹಳೆಯದಾದರೂ ಸರಿ, ಟರ್ಬೊ ಇರುವ ಒಂದು ಸ್ಪೋರ್ಟ್ಸ್ ಕಾರು ಬೇಕು. ಅಲ್ಲಿ ನೆಲೆಸಿದ್ದ ಕಾಲದಲ್ಲಿ ಇಂಥವರ ಜೊತೆಗೆ ಕಾರು ನೋಡಲು ಹೋಗುವುದು ನನಗೆ ಒಂದು ಅಭ್ಯಾಸವೇ ಆಗಿಹೋಗಿತ್ತು. ಆ ಅನುಭವದ ಮೇಲೆ ಒಂದೇ ಕಾರನ್ನು ಹಿಡಿದು ಮಾತಾಡುತ್ತೇನೆ.

944 ಟರ್ಬೊ ಹುಟ್ಟಿದ ಕಥೆ ಸ್ವಲ್ಪ ಹಿಂದಿನಿಂದ ಶುರುವಾಗುತ್ತದೆ. 1970ರ ದಶಕದಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನಗೊಂದು ಸ್ಪೋರ್ಟ್ಸ್ ಕಾರು ರೂಪಿಸಿಕೊಡಿ ಎಂದು ಪೋರ್ಷೆಗೆ ಕೆಲಸ ವಹಿಸಿತ್ತು. ಆಮೇಲೆ ಮನಸ್ಸು ಬದಲಾಯಿಸಿ ಕೈಬಿಟ್ಟಿತು. ಪೋರ್ಷೆ ಆ ಯೋಜನೆಯನ್ನು ತಾನೇ ಕೊಂಡು 924 ಎಂಬ ಹೆಸರಿನಲ್ಲಿ ಹೊರತಂದಿತು. ಅದರ ಎಂಜಿನ್ ಆಡಿ ಮೂಲದ್ದು. ಕಾರು ತಯಾರಾಗುತ್ತಿದ್ದುದೂ ನೆಕಾರ್‌ಸುಲ್ಮ್ ಊರಿನ ಆಡಿ ಕಾರ್ಖಾನೆಯಲ್ಲೇ. ಇದು ನಿಜವಾದ ಪೋರ್ಷೆ ಅಲ್ಲ ಎಂದು ಮೂಗು ಮುರಿದವರು ಬಹಳ. ಅವರ ಬಾಯಿ ಮುಚ್ಚಿಸಲೆಂದೇ ಎಂಬಂತೆ ಪೋರ್ಷೆ ತನ್ನದೇ ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮಾಡಿ 944 ಅನ್ನು ತಂದಿತು. 1981ರ ಲ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ಈ ಎಂಜಿನ್ನಿನ ಟರ್ಬೊ ರೂಪ ಓಡಿತು. ವಾಲ್ಟರ್ ರೋರ್ಲ್ ಮತ್ತು ಯುರ್ಗೆನ್ ಬಾರ್ತ್ ಅದನ್ನು ಏಳನೆಯ ಸ್ಥಾನಕ್ಕೆ ತಂದರು. ಜನ ರಸ್ತೆಯಲ್ಲಿ ಓಡಿಸುವ 944 ಟರ್ಬೊ ಬಂದದ್ದು 1985ರಲ್ಲಿ: 220 ಅಶ್ವಶಕ್ತಿ, ಗಂಟೆಗೆ 245 ಕಿಲೋಮೀಟರ್ ವೇಗ. 1988ರಲ್ಲಿ ಟರ್ಬೊ ಎಸ್ ಬಂತು, 250 ಅಶ್ವಶಕ್ತಿಯದು. 1991ಕ್ಕೆ ಎಲ್ಲ ಮುಗಿಯಿತು.

ಈ ಕಾರಿನ ಕಟ್ಟೋಣ ಬಹಳ ಚೆಂದ. ಎಂಜಿನ್ ಮುಂದೆ, ಗೇರ್ ಬಾಕ್ಸ್ ಹಿಂದಿನ ಚಕ್ರಗಳ ನಡುವೆ. ಎರಡನ್ನೂ ಒಂದು ಉದ್ದನೆಯ ಕೊಳವೆ ಜೋಡಿಸುತ್ತದೆ. ಹಾಗಾಗಿ ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದೆ. ತಿರುವಿನಲ್ಲಿ ಈ ಕಾರು ಕೊಡುವ ಧೈರ್ಯವನ್ನು ಅದಕ್ಕಿಂತ ಎರಡು ಪಾಲು ಬೆಲೆಯ ಕಾರುಗಳಲ್ಲೂ ನಾನು ಕಂಡದ್ದು ಅಪರೂಪ. ಇಷ್ಟು ದೊಡ್ಡ ನಾಲ್ಕು ಸಿಲಿಂಡರಿನ ಎಂಜಿನ್ ಸುಮ್ಮನೆ ಬಿಟ್ಟರೆ ಗಡಗಡ ನಡುಗುತ್ತದೆ. ಅದನ್ನು ತಡೆಯಲು ಎರಡು ಬ್ಯಾಲೆನ್ಸ್ ಶಾಫ್ಟುಗಳಿವೆ, ಎಂಜಿನ್ನಿನ ಎರಡರಷ್ಟು ವೇಗದಲ್ಲಿ ತಿರುಗುತ್ತ ನಡುಕವನ್ನು ನುಂಗುತ್ತವೆ. ಆ ವಿದ್ಯೆಯ ಪೇಟೆಂಟ್ ಜಪಾನಿನ ಮಿತ್ಸುಬಿಶಿಯದಾಗಿತ್ತು. ಪೋರ್ಷೆಯಂಥ ಪೋರ್ಷೆ ಪ್ರತಿ ಕಾರಿಗೂ ಅವರಿಗೆ ರಾಯಧನ ಕಟ್ಟಿತು.

ಇನ್ನು ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಗಾಳಿ ಒತ್ತುವ ಉಪಾಯ ಇದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಹೇಳಲು ಸುಲಭ. ಆದರೆ ಆ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಒಂದು ತುದಿಯಲ್ಲಿ ಕೆಂಪಗೆ ಕಾಯುವ ಹೊಗೆ, ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ, ನಡುವೆ ದಂಡವನ್ನು ತೇಲಿಸಿ ಹಿಡಿದಿರುವುದು ಎಂಜಿನ್ ಆಯಿಲಿನ ಒಂದು ತೆಳು ಪೊರೆ. ಅಷ್ಟೇ. ಜೋರಾಗಿ ಓಡಿಸಿ ಬಂದು ತಟ್ಟನೆ ಎಂಜಿನ್ ಆರಿಸಿದರೆ ಆಯಿಲಿನ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ಉಳಿಯುತ್ತದೆ. ಒಳಗಿದ್ದ ಆಯಿಲ್ ಸೀದು ಕರಕಲಾಗಿ ಬೇರಿಂಗ್ ದಾರಿಯನ್ನು ಕಟ್ಟುತ್ತದೆ. ಮೊದಲ ಪೀಳಿಗೆಯ ಟರ್ಬೊ ಕಾರುಗಳು ಬಹಳಷ್ಟು ಸತ್ತದ್ದು ಹೀಗೆ. 944ರಲ್ಲಿ ಪೋರ್ಷೆ ಎರಡು ಜಾಣತನ ಮಾಡಿತು. ಟರ್ಬೊವನ್ನು ಬಿಸಿ ಹೊಗೆ ಹೊರಬರುವ ಬದಿಯಲ್ಲಿಡದೆ ಎಂಜಿನ್ನಿನ ಇನ್ನೊಂದು ಬದಿಗೆ ಒಯ್ದಿತು. ಅದರ ನಡುಭಾಗಕ್ಕೆ ನೀರು ಹರಿಸಿ, ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಆ ನೀರನ್ನು ತಿರುಗಿಸಲು ಬೇರೆಯೇ ಒಂದು ವಿದ್ಯುತ್ ಪಂಪು ಇಟ್ಟಿತು. ಕಾರು ನೋಡಲು ಹೋದಾಗ ಎಂಜಿನ್ ಆರಿಸಿದ ಮೇಲೆ ಬಾನೆಟ್ ಹತ್ತಿರ ಕಿವಿಗೊಟ್ಟು ನಿಲ್ಲಿ. ಆ ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಪಂಪು ಕೆಟ್ಟಿದೆ. ಯಾವತ್ತಿನಿಂದ ಕೆಟ್ಟಿದೆ ಎಂಬುದರ ಮೇಲೆ ಟರ್ಬೊದ ಆಯುಸ್ಸು ನಿಂತಿದೆ.

ದಾವಣಗೆರೆ ಕಡೆಯ ಒಬ್ಬ ಹುಡುಗ ಒಮ್ಮೆ ನನ್ನನ್ನು ಕರೆದೊಯ್ದಿದ್ದ. ಆತ ಎರಡು ಕಾರು ಗುರುತು ಹಾಕಿಟ್ಟುಕೊಂಡಿದ್ದ. ಒಂದರ ಮೀಟರಿನಲ್ಲಿ 88,000, ಇನ್ನೊಂದರಲ್ಲಿ 2,46,000. ಬೆಲೆಯಲ್ಲೂ ಅಷ್ಟೇ ಅಂತರ. ಮನಸ್ಸು ಆಗಲೇ ಮೊದಲನೆಯದರ ಮೇಲೆ ಕೂತಿತ್ತು. 'ಸರ್, ನೀವು ಸುಮ್ನೆ ಒಂದು ಸಲ ನೋಡಿ ಹೂಂ ಅಂದ್ಬಿಡಿ ಸಾಕು' ಎಂದ.

ಕಡಿಮೆ ಓಡಿದ ಕಾರು ಬಿಸಿ ಇರುವ ಶೆಡ್ಡಿನಲ್ಲಿ, ಬಟ್ಟೆ ಹೊದ್ದು ನಿಂತಿತ್ತು. ಬಟ್ಟೆ ಸರಿಸಿದರೆ ಕೆಂಪು ಬಣ್ಣ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಬಿರುಕಿಲ್ಲ. ಬಿಸಿಲು ಕಂಡ 944ಗಳಲ್ಲಿ ಇದು ಅಪರೂಪವೇ. ಎಷ್ಟೋ ವರ್ಷಗಳಿಂದ ಅದು ಅಲ್ಲೇ ನಿಂತಿತ್ತು, ಆಗೊಮ್ಮೆ ಈಗೊಮ್ಮೆ ಸ್ಟಾರ್ಟ್ ಮಾಡಿ ಆರಿಸುತ್ತಿದ್ದರು. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿದೆ. ಮಾರುವವರು ಅಚ್ಚರಿಯಿಂದ ನೋಡಿದರು. ಓಡೇ ಇಲ್ಲವಲ್ಲ, ಬದಲಾಯಿಸುವುದು ಏಕೆ ಎಂಬುದು ಅವರ ಮಾತಿನ ಸಾರ.

ಈ ಬೆಲ್ಟಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. 944ರ ಎಂಜಿನ್ನಿನಲ್ಲಿ ವಾಲ್ವುಗಳನ್ನು ಆಡಿಸುವ ಕ್ಯಾಮ್ ಶಾಫ್ಟ್ ತಿರುಗುವುದು ರಬ್ಬರಿನ ಹಲ್ಲು ಬೆಲ್ಟಿನಿಂದ. ಬೆಲ್ಟ್ ಕಿತ್ತರೆ ವಾಲ್ವುಗಳು ತೆರೆದಲ್ಲೇ ನಿಲ್ಲುತ್ತವೆ, ಪಿಸ್ಟನ್ನುಗಳು ಮೇಲೆ ಬಂದು ಅವುಗಳಿಗೆ ಗುದ್ದುತ್ತವೆ. ಬಾಗಿದ ವಾಲ್ವು, ಬಿಚ್ಚಿದ ಹೆಡ್ಡು, ತಿಂಗಳುಗಟ್ಟಲೆ ಕಾಯುವಿಕೆ, ಆಮೇಲೆ ಬಿಲ್ಲು. ಇಷ್ಟೆಲ್ಲ ಆಗಲು ಒಂದು ಕ್ಷಣ ಸಾಕು. ಬ್ಯಾಲೆನ್ಸ್ ಶಾಫ್ಟಿಗೆ ಬೇರೆಯೇ ಬೆಲ್ಟ್. ಅದು ಕಿತ್ತು ಹೋಗಿ ಪಕ್ಕದ ಬೆಲ್ಟಿಗೆ ಸಿಕ್ಕಿಕೊಂಡರೂ ಇದೇ ಗತಿ. ಈ ಕಾರು ಬಲ್ಲ ಮೆಕ್ಯಾನಿಕ್ಕುಗಳು 48,000 ಕಿಲೋಮೀಟರಿಗೆ ಅಥವಾ ನಾಲ್ಕು ವರ್ಷಕ್ಕೆ, ಯಾವುದು ಮೊದಲೋ ಆಗ, ಎರಡೂ ಬೆಲ್ಟನ್ನು ರೋಲರುಗಳ ಸಮೇತ ಬದಲಾಯಿಸುತ್ತಾರೆ. ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದರಿಂದ ಬೇರಿಂಗ್ ಸದ್ದು ಮಾಡಿದರೆ ಅದನ್ನೂ ಜೊತೆಗೇ ಹಾಕುತ್ತಾರೆ. ಬೆಲ್ಟಿನ ಬಿಗುವನ್ನು ಅಳೆಯಲು ಪೋರ್ಷೆ ಒಂದು ಪ್ರತ್ಯೇಕ ಉಪಕರಣವನ್ನೇ ಮಾಡಿತ್ತು. 'ಕೈಯಲ್ಲಿ ಒತ್ತಿ ನೋಡಿದ್ರೆ ಗೊತ್ತಾಗುತ್ತೆ' ಎನ್ನುವವರ ಕೈಗೆ ಈ ಕೆಲಸ ಕೊಡಬೇಡಿ. ನಾಲ್ಕು ವರ್ಷ ಎಂಬ ಮಾತನ್ನು ಗಮನಿಸಿ. ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಾಗಿ ನಿಂತ ಬೆಲ್ಟ್, ಓಡುತ್ತಿದ್ದ ಬೆಲ್ಟಿಗಿಂತ ಅಪಾಯಕಾರಿ.

ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಕಟ್ಟಿಹಾಕಿದ ಎತ್ತನ್ನು ಒಮ್ಮೆಲೇ ಗದ್ದೆಗೆ ಇಳಿಸಿದರೆ ಏನಾಗುತ್ತದೋ ಈ ಕಾರಿಗೂ ಅದೇ ಆಗುತ್ತದೆ. ಸೀಲುಗಳು ಒಣಗಿರುತ್ತವೆ, ಪೆಟ್ರೋಲ್ ಪೈಪುಗಳು ಸೀಳಿರುತ್ತವೆ, ಬ್ರೇಕ್ ಆಯಿಲ್ ನೀರು ಹೀರಿರುತ್ತದೆ. ಇನ್ನೊಂದನ್ನು ಹೇಳಬೇಕು: ಆ ಕಾಲದ ಕ್ಲಚ್ ಪ್ಲೇಟಿನ ನಡುವೆ ಅದುರುವಿಕೆ ತಡೆಯಲು ರಬ್ಬರ್ ಇತ್ತು. ಅದೂ ವಯಸ್ಸಿಗೆ ಒಡೆಯುವಂಥದ್ದೇ. ಕ್ಲಚ್ ಬದಲಾಯಿಸುವುದೆಂದರೆ ಈ ಕಾರಿನಲ್ಲಿ ಸಣ್ಣ ಕೆಲಸವಲ್ಲ. ಸೈಲೆನ್ಸರ್ ಇಳಿಸಬೇಕು, ಹಿಂದಿನ ಗೇರ್ ಬಾಕ್ಸ್ ಇಳಿಸಬೇಕು, ನಡುವಿನ ಕೊಳವೆಯನ್ನು ಹಿಂದಕ್ಕೆ ಜರುಗಿಸಬೇಕು, ಆಮೇಲೆ ಕ್ಲಚ್ ಕಾಣುತ್ತದೆ. ಕಟ್ಟೋಣದ ಚೆಂದಕ್ಕೆ ಕೊಡುವ ಬೆಲೆ ಇದು. ಪ್ಲೇಟಿಗಿಂತ ಕೂಲಿಯೇ ಹೆಚ್ಚು.

ಎರಡನೆಯ ಕಾರು ಹೈಲ್‌ಬ್ರೊನ್ ಕಡೆ, ಒಂದು ಮನೆಯ ಮುಂದೆ ಬಯಲಲ್ಲೇ ನಿಂತಿತ್ತು. ಕಲ್ಲೇಟು ತಿಂದು ಬಾನೆಟ್ಟಿನ ಅಂಚು ತೂತುತೂತಾಗಿ ಕಾಣುತ್ತಿತ್ತು. ಡ್ರೈವರ್ ಸೀಟಿನ ಎಡಗಡೆಯ ಮೈ ಸವೆದು ಹೊಲಿಗೆ ಬಿಚ್ಚಿತ್ತು. ನನ್ನ ಹುಡುಗನ ಮುಖ ಸಪ್ಪಗಾಯಿತು. ಮಾಲೀಕರು ಎಪ್ಪತ್ತು ದಾಟಿದವರು, ನಿವೃತ್ತ ಶಾಲಾ ಮಾಸ್ತರರು. ಕೀಲಿಯ ಜೊತೆಗೆ ಎರಡು ದಪ್ಪ ಫೈಲು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟರು. ನಾವು ಕಾರು ನೋಡುವ ಮುಂಚೆ ಕೂತು ಆ ಫೈಲು ಓದಿದೆವು.

ಅದರಲ್ಲಿ ಇಲ್ಲದ್ದು ಏನೂ ಇರಲಿಲ್ಲ. ಬೆಲ್ಟ್ ಬದಲಾಯಿಸಿದ ರಸೀತಿಗಳು ಒಂದರ ಹಿಂದೆ ಒಂದು, ದಿನಾಂಕ ಮತ್ತು ಕಿಲೋಮೀಟರ್ ಸಮೇತ. ಕ್ಲಚ್ಚಿನ ಬಿಲ್ಲು. ಟರ್ಬೊ ಒಮ್ಮೆ ಬಿಚ್ಚಿ ಬೇರಿಂಗ್, ಸೀಲು ಹಾಕಿಸಿದ ಬಿಲ್ಲು. ಮುಂದಿನ ಚಕ್ರಗಳ ಅಲ್ಯೂಮಿನಿಯಂ ಆರ್ಮುಗಳ ಬಿಲ್ಲು. ಈ ಆರ್ಮುಗಳ ತುದಿಯ ಬಾಲ್ ಜಾಯಿಂಟ್ ಸವೆದು ಮುರಿದರೆ ಓಡುವ ಗಾಡಿಯ ಚಕ್ರ ಮಡಚಿಕೊಳ್ಳುತ್ತದೆ. ಇವರು ಮುರಿಯುವ ತನಕ ಕಾಯದೆ ಮೊದಲೇ ಹಾಕಿಸಿದ್ದರು. ಮೀಟರಿನ ಆ ಹಲ್ಲುಚಕ್ರ ಬದಲಾಯಿಸಿದ್ದಕ್ಕೂ ಒಂದು ಚೀಟಿ ಇತ್ತು. ಅದರ ಮೇಲೆ ಮಾಸ್ತರರು ತಮ್ಮ ಕೈಯಲ್ಲೇ, ಮೀಟರ್ ಎಷ್ಟು ದಿನ ನಿಂತಿತ್ತು, ಅಷ್ಟರಲ್ಲಿ ಸುಮಾರು ಎಷ್ಟು ಓಡಿರಬಹುದು ಎಂದು ಬರೆದಿಟ್ಟಿದ್ದರು. ಆ ಚೀಟಿ ನೋಡಿದಾಗಲೇ ನನಗೆ ಈ ಕಾರಿನ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಆದರೂ ತಾಳೆ ನೋಡದೆ ಬಿಡಬಾರದು. ಜರ್ಮನಿಯಲ್ಲಿ ಎರಡು ವರ್ಷಕ್ಕೊಮ್ಮೆ ಗಾಡಿಯ ಕಡ್ಡಾಯ ತಪಾಸಣೆ ಆಗುತ್ತದೆ, ಆ ವರದಿಯಲ್ಲಿ ಆ ದಿನದ ಕಿಲೋಮೀಟರ್ ನಮೂದಾಗಿರುತ್ತದೆ. ಹಳೆಯ ವರದಿಗಳನ್ನು ಸಾಲಾಗಿ ಜೋಡಿಸಿದರೆ ಅಂಕಿ ಏರುತ್ತಾ ಹೋಗಿದೆಯೋ, ನಡುವೆ ಎಲ್ಲಾದರೂ ಹಿಂದಕ್ಕೆ ಜಾರಿದೆಯೋ ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ಇಂಥ ತಪಾಸಣೆಯ ಇತಿಹಾಸವನ್ನು ಸರ್ಕಾರವೇ ಎಲ್ಲರಿಗೂ ತೆರೆದಿಟ್ಟಿದೆ. ನಮ್ಮ ದೇಶದಲ್ಲೂ ಇಂಥದೊಂದು ವ್ಯವಸ್ಥೆ ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆಮೇಲೆ ಕಾರಿನ ಹತ್ತಿರ ಬಂದೆವು. ನಾನು ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದೆ, ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು. ಬಾನೆಟ್ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ತಣ್ಣನೆಯ ಎಂಜಿನ್ ಮುಚ್ಚಿಡದೆ ಮಾತಾಡುತ್ತದೆ. ಬಿಸಿಯಾದದ್ದರಲ್ಲಿ ಅರ್ಧ ದೋಷ ಅಡಗಿಹೋಗಿರುತ್ತದೆ. ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿದೆವು. ಒಳಗೆ ಮೊಸರು ಕಡೆದಂಥ ಕೆನೆ ಇದ್ದರೆ ಆಯಿಲೂ ನೀರೂ ಸೇರುತ್ತಿವೆ, ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದೇ ಲೆಕ್ಕ. ಹೆಚ್ಚು ಒತ್ತಡ ತಿನ್ನುವ ಈ ಟರ್ಬೊ ಎಂಜಿನ್ನಿನಲ್ಲಿ ಅದು ಆಗುವಂಥದ್ದೇ. ಇಲ್ಲಿ ನೀರು ತಿಳಿಯಾಗಿತ್ತು.

'ಈಗ ಸೆಲ್ಫ್ ಹೊಡಿ, ಆದ್ರೆ ಕಣ್ಣು ಆರ್‌ಪಿಎಂ ಮುಳ್ಳಿನ ಮೇಲೆ ಇರ್ಲಿ' ಎಂದೆ. ಸೆಲ್ಫ್ ತಿರುಗುವಾಗಲೇ ಮುಳ್ಳು ಸಣ್ಣಗೆ ಅದುರಬೇಕು. ಅದುರಿದರೆ ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿ ಸೆನ್ಸರಿನಿಂದ ಎಂಜಿನ್ನನ್ನು ನಿಯಂತ್ರಿಸುವ ಬಾಷ್ ಮೊಟ್ರಾನಿಕ್ ಪೆಟ್ಟಿಗೆಗೆ ಮುಟ್ಟುತ್ತಿದೆ ಎಂದರ್ಥ. ಮುಳ್ಳು ಸತ್ತಂತೆ ಮಲಗಿದ್ದರೆ ಎಂಜಿನ್ನಿನ ಹಿಂಬದಿಯ ಸೆನ್ಸರೋ ಅದರ ವೈರೋ ಹೋಗಿರುತ್ತದೆ. ಇನ್ನು ಡಿಎಂಇ ರಿಲೇ ಎಂಬ ಪುಟ್ಟ ಪೆಟ್ಟಿಗೆಯ ಬೆಸುಗೆ ಬಿಟ್ಟರೆ ಇಡೀ ಕಾರೇ ರಸ್ತೆಯ ನಡುವೆ ನಿಲ್ಲುತ್ತದೆ. ಈ ಕಾರು ಇಟ್ಟುಕೊಂಡವರೆಲ್ಲ ಒಂದು ಹೊಸ ರಿಲೇಯನ್ನು ಗ್ಲೋವ್ ಬಾಕ್ಸಿನಲ್ಲಿ ಇಟ್ಟೇ ಇಟ್ಟಿರುತ್ತಾರೆ. ಮಾಸ್ತರರ ಗ್ಲೋವ್ ಬಾಕ್ಸಿನಲ್ಲೂ ಇತ್ತು, ಅದನ್ನು ಹಾಕುವ ಬಗೆ ಬರೆದ ಕಾಗದದ ಸಮೇತ.

ಎಂಜಿನ್ ಹಿಡಿಯಿತು. ನಾನು ಹಿಂದೆ ಸೈಲೆನ್ಸರ್ ಬಳಿ ನಿಂತಿದ್ದೆ. ಮೊದಲ ಉಸಿರಿಗೆ ತೆಳ್ಳಗೆ ನೀಲಿ ಹೊಗೆ ಬಂದು ನಿಂತಿತು. ಅಷ್ಟು ಓಡಿದ ಎಂಜಿನ್ನಿನಲ್ಲಿ ವಾಲ್ವ್ ಸೀಲು ಅಷ್ಟು ಸೋರುವುದು ದೊಡ್ಡ ಮಾತಲ್ಲ. ಬಿಸಿಯಾದ ಮೇಲೆ ಒಂದೆರಡು ನಿಮಿಷ ಐಡಲಿಂಗಿನಲ್ಲಿ ಬಿಟ್ಟು ಆಕ್ಸಿಲರೇಟರ್ ಒತ್ತಿಸಿದೆ. ಆಗ ನೀಲಿ ಮೋಡ ಎದ್ದರೆ ಟರ್ಬೊದ ಸೀಲಿನ ಮೇಲೆ ಅನುಮಾನ ಪಡಬೇಕು. ಏಳಲಿಲ್ಲ. ಆಯಿಲ್ ಒತ್ತಡ ತೋರಿಸುವ ಮೀಟರ್ 5 ಬಾರ್ ತನಕ ಇದೆ. ತಣ್ಣಗಿದ್ದಾಗ ಮುಳ್ಳು ತುದಿಗೆ ಒರಗಿತ್ತು, ಬಿಸಿಯಾಗಿ ಓಡುವಾಗ 4ರ ಆಸುಪಾಸಿನಲ್ಲಿ ನಿಂತಿತು. ಈ ಎಂಜಿನ್ನಿನ ಎರಡನೆಯ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗಿಗೆ ಕೆಟ್ಟ ಹೆಸರಿದೆ. ರೇಸ್ ಟ್ರ್ಯಾಕಿನಲ್ಲಿ ಉದ್ದನೆಯ ತಿರುವುಗಳಲ್ಲಿ ಒಂದೇ ಸಮನೆ ಓಡಿಸಿದರೆ ಅಲ್ಲಿಗೆ ಆಯಿಲ್ ಸಾಕಾಗುವುದಿಲ್ಲ. ಆದ್ದರಿಂದ ಕಾರನ್ನು ಟ್ರ್ಯಾಕಿಗೆ ಒಯ್ದದ್ದು ಉಂಟೇ ಎಂದು ನೇರವಾಗಿ ಕೇಳಿ, ಮುಚ್ಚುಮರೆ ಬೇಡ.

ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಚಿಪ್ ಬದಲಾಯಿಸಿದ್ದೀರಾ, ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿದ್ದೀರಾ? ಈ ಕಾರಿನಲ್ಲಿ ಎಂಜಿನ್ ಕುಟ್ಟುವ ಸದ್ದನ್ನು ಆಲಿಸುವ ಸೆನ್ಸರ್ ಇದೆ, ಅದಕ್ಕೆ ತಕ್ಕಂತೆ ಕಿಡಿಯನ್ನೂ ಬೂಸ್ಟನ್ನೂ ತಗ್ಗಿಸುವ ಪ್ರತ್ಯೇಕ ಕಂಟ್ರೋಲ್ ಪೆಟ್ಟಿಗೆ ಇದೆ. 1980ರ ದಶಕಕ್ಕೆ ಅದು ದೊಡ್ಡ ವಿದ್ಯೆ. ನೂರಾರು ಎಂಜಿನಿಯರುಗಳು ಅಳೆದು ತೂಗಿ ಕೂರಿಸಿದ ಆ ಲೆಕ್ಕವನ್ನು ಒಂದು ಅಗ್ಗದ ಚಿಪ್ ಹಾಕಿ ಕೆಡಿಸಿದವರು ಬೇಕಾದಷ್ಟು ಜನ. ಡ್ಯಾಶ್‌ಬೋರ್ಡಿನ ಬೂಸ್ಟ್ ಮೀಟರ್ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ, ಹಾಗಾಗಿ ಮೂಲದಂತೆ ಇರುವ ಕಾರಿನಲ್ಲಿ ಪೂರ್ತಿ ಒತ್ತಿದಾಗ ಮುಳ್ಳು 1.75 ಬಾರ್ ಹತ್ತಿರಕ್ಕೆ ಬಂದು ನಿಲ್ಲಬೇಕು. 2 ದಾಟಿದರೆ ಯಾರೋ ಕೈಯಾಡಿಸಿದ್ದಾರೆ. 1.4ಕ್ಕೇ ನಿಂತರೆ ಎಲ್ಲೋ ಪೈಪು ಸೋರುತ್ತಿದೆ ಅಥವಾ ಬೂಸ್ಟನ್ನು ಮಿತಿಯಲ್ಲಿಡುವ ವೇಸ್ಟ್‌ಗೇಟ್ ಕವಾಟ ದಣಿದಿದೆ.

ಟೆಸ್ಟ್ ಡ್ರೈವಿಗೆ ಹುಡುಗನನ್ನೇ ಕೂರಿಸಿದೆ, ನಾನು ಪಕ್ಕದಲ್ಲಿ. ಊರು ದಾಟಿ ದ್ರಾಕ್ಷಿ ತೋಟಗಳ ನಡುವಿನ ರಸ್ತೆಗೆ ಬಂದೆವು. ಮೂರನೆಯ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತು ಎಂದೆ. 2,000 ಸುತ್ತಿನಲ್ಲಿ ಏನೂ ಆಗಲಿಲ್ಲ. 2,500ಕ್ಕೂ ಇಲ್ಲ. ಅವನು ನನ್ನ ಕಡೆ ನೋಡಿದ. 3,000 ದಾಟುತ್ತಿದ್ದ ಹಾಗೆ ಬೆನ್ನು ಸೀಟಿಗೆ ಅಂಟಿತು, ಮುಂದಿನ ರಸ್ತೆ ಗಿಡ್ಡವಾಯಿತು. ಈಗಿನ ಟರ್ಬೊ ಕಾರುಗಳಲ್ಲಿ ಇದು ಇಲ್ಲ. ಬೆಂಗಳೂರಿನಲ್ಲಿ ಸಾವಿರಾರು ಜನ ಆಫೀಸಿಗೆ ಓಡಿಸುವ ಚಿಕ್ಕ ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಶಕ್ತಿ ಮೊದಲಿನಿಂದಲೇ ಸಮನಾಗಿ ಬರುತ್ತದೆ, ಟರ್ಬೊ ಇದೆ ಎಂದೇ ಗೊತ್ತಾಗುವುದಿಲ್ಲ. ಹಳೆಯದರಲ್ಲಿ ಕಾಯಬೇಕು, ಅಂದಾಜು ಕಟ್ಟಬೇಕು, ತಿರುವು ಮುಗಿಯುವ ಹೊತ್ತಿಗೆ ಬೂಸ್ಟ್ ಬರುವ ಹಾಗೆ ಮೊದಲೇ ಕಾಲು ಒತ್ತಬೇಕು. ಆ ಕಲಿಕೆಯೇ ಈ ಕಾರಿನ ಸುಖ ಎಂದು ನಾನು ನಂಬಿದ್ದೇನೆ. ಮಳೆಯಲ್ಲಿ, ತಿರುವಿನ ನಡುವೆ, ಕಲಿಯದವರ ಕೈಯಲ್ಲಿ ಅದೇ ಅಪಾಯ ಎಂಬುದನ್ನೂ ಒತ್ತಿ ಹೇಳುತ್ತೇನೆ.

ವಾಪಸು ಬರುವಾಗ ಅವನು ಕೇಳಿದ್ದು ಒಂದೇ: 'ಸರ್, ಎರಡೂವರೆ ಲಕ್ಷ ಓಡಿದೆಯಲ್ಲ, ಇಷ್ಟು ಗಟ್ಟಿ ಹೇಗಿದೆ?'

ಓಡಿದ್ದರಿಂದಲೇ ಗಟ್ಟಿ ಇದೆ. ಓಡುವ ಕಾರಿನ ಆಯಿಲ್ ಬಿಸಿಯಾಗಿ ಒಳಗಿನ ತೇವ ಆರುತ್ತದೆ. ಸೀಲುಗಳು ನೆನೆದಿರುತ್ತವೆ. ಕೆಟ್ಟದ್ದು ಆಗಾಗ ಕಣ್ಣಿಗೆ ಬೀಳುತ್ತದೆ, ಬಿದ್ದಾಗ ಸರಿಯಾಗುತ್ತದೆ. ಈ ಎಂಜಿನ್ನಿನ ಬ್ಲಾಕು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ, ಅದರೊಳಗೆ ಬೇರೆ ಲೈನರ್ ಇಲ್ಲ. ಆಯಿಲ್ ಚೆನ್ನಾಗಿಟ್ಟರೆ ಸಿಲಿಂಡರಿನ ಗೋಡೆ ಲಕ್ಷಗಟ್ಟಲೆ ಕಿಲೋಮೀಟರ್ ಸವೆಯದೆ ಉಳಿಯುತ್ತದೆ. ಮೈಯ ತಗಡಿಗೆ ಸತುವಿನ ಲೇಪವಿದೆ. ಹಾಗಾಗಿ ಆ ಕಾಲದ ಬೇರೆ ಕಾರುಗಳು ತುಕ್ಕಿಗೆ ಕರಗಿಹೋದರೂ ಇವು ಉಳಿದಿವೆ. ಬಾಗಿಲ ಕೆಳಗಿನ ಅಂಚನ್ನು ಮಾತ್ರ ಬೆರಳಿನಿಂದ ಒತ್ತಿ ನೋಡಬೇಕು.

ಈ ಕಾರುಗಳನ್ನು ಕೊಂದದ್ದು ದೂರವಲ್ಲ, ಅಗ್ಗದ ಬೆಲೆ. ಇದನ್ನು ಹೇಳುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಹೊಸದಾಗಿದ್ದಾಗ ದುಬಾರಿಯಾಗಿದ್ದ 944, ಬಹಳ ವರ್ಷ 'ಬಡವರ ಪೋರ್ಷೆ' ಎನ್ನಿಸಿಕೊಂಡು ಸಾಧಾರಣ ಕಾರಿನ ಬೆಲೆಗೆ ಇಳಿದಿತ್ತು. ಕಾರಿನ ಬೆಲೆ ಇಳಿದರೂ ಬಿಡಿಭಾಗಗಳ ಬೆಲೆ ಇಳಿಯಲಿಲ್ಲ, ಕೂಲಿಯೂ ಇಳಿಯಲಿಲ್ಲ. ಇದ್ದ ಹಣವನ್ನೆಲ್ಲ ಕಾರಿಗೇ ಸುರಿದು ಕೊಂಡವರು ಬೆಲ್ಟನ್ನು ಮುಂದಿನ ವರ್ಷಕ್ಕೆ, ಕ್ಲಚ್ಚನ್ನು ಅದರಾಚೆಯ ವರ್ಷಕ್ಕೆ ದೂಡಿದರು. ಒಂದು ದಿನ ಬೆಲ್ಟ್ ಕಿತ್ತಿತು. ರಿಪೇರಿಯ ಲೆಕ್ಕ ಕಾರಿನ ಬೆಲೆಯನ್ನೇ ಮೀರಿತು. ಕಾರು ಬಿಡಿಭಾಗಗಳಾಗಿ ಮಾರಾಟವಾಯಿತು. ಹೀಗೆ ಹೋದ ಕಾರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಜರಿಯಲ್ಲಿ ಚಕ್ರವಿಲ್ಲದೆ ಕೂತಿದ್ದವುಗಳಲ್ಲಿ ಕೆಲವಕ್ಕೆ ಸಕಾಲದಲ್ಲಿ ಎರಡು ರಬ್ಬರ್ ಬೆಲ್ಟ್ ಹಾಕಿಸಿದ್ದರೆ ಸಾಕಿತ್ತು.

ಆದ್ದರಿಂದ ಕೇಳುವವರಿಗೆಲ್ಲ ನಾನು ಹಣದ ಮಾತನ್ನು ಮೊದಲು ಆಡುತ್ತೇನೆ. ನಿಮ್ಮ ಬಳಿ ಇರುವ ಹಣದಲ್ಲಿ ಮೂರನೆಯ ಒಂದು ಪಾಲನ್ನು ಕಾರು ನೋಡಲು ಹೋಗುವ ಮುಂಚೆಯೇ ಬೇರೆ ಎತ್ತಿಡಿ. ಉಳಿದ ಎರಡು ಪಾಲಿನಲ್ಲಿ ಎಂಥ ಕಾರು ಬರುತ್ತದೋ ಅದನ್ನು ಹುಡುಕಿ. ಮನೆಗೆ ತಂದ ತಿಂಗಳಲ್ಲೇ, ರಸೀತಿ ಇಲ್ಲದ ಕಾರಾದರೆ ಓಡಿಸುವ ಮುಂಚೆಯೇ, ಬೆಲ್ಟ್, ರೋಲರ್, ಎಲ್ಲ ಆಯಿಲುಗಳು, ಪೆಟ್ರೋಲ್ ಪೈಪುಗಳು ಬದಲಾಗಬೇಕು. ಈ ಪಾಲು ಎತ್ತಿಡಲು ಆಗದಿದ್ದರೆ ಕಾರು ಕೊಳ್ಳಬೇಡಿ, ಇನ್ನೆರಡು ವರ್ಷ ಕಾಯಿರಿ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ, ಕಾರಿನ ಮೇಲಿನ ಪ್ರೀತಿಯಿಂದಲೂ. ನೀವು ಅರ್ಧ ಮನಸ್ಸಿನಲ್ಲಿ ಕೊಂಡರೆ ಉಳಿದಿರುವ ಕೆಲವೇ ಕಾರುಗಳಲ್ಲಿ ಇನ್ನೊಂದು ಕಡಿಮೆಯಾಗುತ್ತದೆ.

ಟರ್ಬೊ ಎಸ್ ಎಂದು ಹೇಳಿ ಹೆಚ್ಚು ಬೆಲೆ ಕೇಳುವವರೂ ಇದ್ದಾರೆ. ಹಿಂದಿನ ಡಿಕ್ಕಿಯಲ್ಲಿ ಅಂಟಿಸಿರುವ ಕಾರ್ಖಾನೆಯ ಚೀಟಿಯನ್ನೂ ಸರ್ವಿಸ್ ಪುಸ್ತಕದ ಚೀಟಿಯನ್ನೂ ತಾಳೆ ನೋಡಿ. 1988ರ ಕಾರಾದರೆ ಅದರಲ್ಲಿ ಎಂ758 ಎಂಬ ಸಂಕೇತ ಇರಬೇಕು. ಬಿಲ್ಲೆ ಅಂಟಿಸುವುದು ಯಾರಿಗಾದರೂ ಆಗುತ್ತದೆ.

ದಾವಣಗೆರೆಯ ಹುಡುಗ ಮಾಸ್ತರರ ಕಾರನ್ನೇ ಕೊಂಡ. ಬೆಲೆಯಲ್ಲಿ ಹೆಚ್ಚು ಚೌಕಾಸಿ ಮಾಡಬೇಡ ಎಂದು ನಾನೇ ಹೇಳಿದ್ದೆ. ಆ ಎರಡು ಫೈಲುಗಳೇ ಅಷ್ಟು ಬೆಲೆ ಬಾಳುತ್ತಿದ್ದವು. ಮಾಸ್ತರರು ಕೀಲಿ ಕೊಡುವಾಗ ಒಂದು ಮಾತು ಕೇಳಿಕೊಂಡರು, ಬೆಳಗ್ಗೆ ಸ್ಟಾರ್ಟ್ ಮಾಡಿದಕೂಡಲೇ ಜೋರಾಗಿ ಓಡಿಸಬೇಡಪ್ಪ ಎಂದು. ಮಗನಿಗೆ ಹೇಳುವ ದನಿ ಅದು. ಅವರು ಹೇಳಿದ್ದು ಸರಿಯೇ. ಆಯಿಲ್ ಬಿಸಿಯಾಗುವ ತನಕ ಬೂಸ್ಟ್ ಮುಟ್ಟಬಾರದು. ನೀರಿನ ಮುಳ್ಳು ಬೇಗ ಏರುತ್ತದೆ, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಹೆದ್ದಾರಿಯಿಂದ ಇಳಿದ ಮೇಲೆ ಕೊನೆಯ ಒಂದೆರಡು ಕಿಲೋಮೀಟರನ್ನು ಹಗುರವಾಗಿ ಓಡಿಸಿ ಬಂದು ನಿಲ್ಲಿಸಬೇಕು.

ನಮ್ಮಲ್ಲಿ ವಿದೇಶದ ಹಳೆಯ ಕಾರನ್ನು ತರಿಸಿಕೊಳ್ಳುವ ಕಾನೂನು ಬಿಗಿಯಾಗಿರುವುದರಿಂದ ಇಲ್ಲಿ ಕೂತು 944 ಕೊಳ್ಳುವ ಮಾತು ದೂರವೇ ಉಳಿಯಿತು. ಆದರೆ ಸೆಕೆಂಡ್ ಹ್ಯಾಂಡ್ ಟರ್ಬೊ ಡೀಸೆಲ್ ಕೊಳ್ಳುವವರು ನಮ್ಮಲ್ಲಿ ಊರಿಗೆ ನೂರು ಜನ ಇದ್ದಾರೆ. ತಣ್ಣನೆಯ ಎಂಜಿನ್, ಆಯಿಲ್ ಬದಲಾಯಿಸಿದ ಬಿಲ್ಲು, ಹೊಗೆಯ ಬಣ್ಣ, ಟೈಮಿಂಗ್ ಬೆಲ್ಟಿನ ದಿನಾಂಕ — ಇಷ್ಟನ್ನಾದರೂ ಅವರು ಕೇಳಿ ನೋಡಿಯೇ ಮುಂಗಡ ಕೊಡಲಿ.

ಹೊರದೇಶದಲ್ಲಿರುವ ನಮ್ಮವರಿಗೆ ಕೊನೆಯದಾಗಿ ಒಂದು ವಿಷಯ. ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲದ ಸ್ಥಿತಿಯಲ್ಲಿ ಚೆನ್ನಾಗಿ ಉಳಿದಿರುವ ಕಾರಿಗೆ ನಂಬರಿನ ಕೊನೆಯಲ್ಲಿ 'ಎಚ್' ಅಕ್ಷರವಿರುವ ಫಲಕ ಕೊಡುತ್ತಾರೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ವರ್ಷಕ್ಕೆ ಸುಮಾರು 192 ಯೂರೋ ತೆರಿಗೆ. ಎಲ್ಲ 944 ಟರ್ಬೊಗಳೂ ಈಗ ಆ ವಯಸ್ಸು ದಾಟಿವೆ. ಆದರೆ ತಪಾಸಣೆ ಮಾಡುವವರು ಕಾರು ಮೂಲದಂತೆ ಇದೆಯೇ ಎಂದು ನೋಡುತ್ತಾರೆ. ಹಾಗಾಗಿ ಹಿಂದಿನ ಮಾಲೀಕರು ಚಕ್ರ, ಸ್ಟೀರಿಂಗ್, ಸೈಲೆನ್ಸರ್ ಬದಲಾಯಿಸಿದ್ದರೆ ಹಳೆಯದೆಲ್ಲಿ ಎಂದು ಕೇಳಿ, ಅಟ್ಟದಲ್ಲಿದ್ದರೂ ಇಳಿಸಿ ಕೊಡಿ ಎನ್ನಿ. ವ್ಯಾಪಾರ ಮುಗಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಕರಾರು ಪತ್ರದಲ್ಲೇ ಬರೆಸಿಕೊಳ್ಳಿ.